ಹೊರಗಿನವರಿಗೊಂದು ದರ

ದೆಹಲಿಯ ಸರೋಜಿನಿ ನಗರದಿಂದ ಆಟೋ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಸಫ್ದರ್‌ಜಂಗ್ ಗೋರಿ ಸಿಗುತ್ತದೆ. ಅಲ್ಲಿನ ಟಿಕೆಟ್ ಕಿಟಕಿಯಲ್ಲಿ ಎರಡು ದರ: ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300. ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳಿಂದ ಬಂದವರು ಭಾರತೀಯರ ದರವನ್ನೇ ಕೊಟ್ಟು ಒಳಗೆ ಹೋಗುತ್ತಾರೆ. ಹೊರದೇಶದ ಪೌರತ್ವ ಪಡೆದ ನಮ್ಮವರ ಕೈಯಲ್ಲಿ ಒಸಿಐ ಕಾರ್ಡ್ ಇದ್ದರೆ 2021ರ ಕೇಂದ್ರ ಅಧಿಸೂಚನೆಯ ಪ್ರಕಾರ ಅವರಿಗೂ ದೇಶದವರ ದರವೇ. ಹಂಪಿಯಲ್ಲೂ ಇದೇ ಪದ್ಧತಿ. ವಿಶ್ವ ಪರಂಪರೆಯ ತಾಣವಾದ್ದರಿಂದ ಅಲ್ಲಿ ಅಂಕಿಗಳು 40 ಮತ್ತು 600. ವಿದೇಶಿಯರಲ್ಲಿ ಕೆಲವರು ಹುಬ್ಬೇರಿಸುತ್ತಾರೆ, ಆದರೂ ದುಡ್ಡು ಕೊಟ್ಟು ಒಳಗೆ ನಡೆಯುತ್ತಾರೆ.

ಅದೇ ಕಿಟಕಿಯಲ್ಲಿ ‘ದೆಹಲಿಯವರಿಗೆ 25, ಹೊರರಾಜ್ಯದವರಿಗೆ 300’ ಎಂದು ಬರೆದಿದ್ದರೆ? ಕರ್ನಾಟಕ ಎಕ್ಸ್‌ಪ್ರೆಸ್ ಇಳಿದು ಮಕ್ಕಳೊಂದಿಗೆ ಬಂದ ಕುಟುಂಬ ಸುಮ್ಮನೆ ಇರುತ್ತಿರಲಿಲ್ಲ. ನಾವೇನು ಪರದೇಶಿಗಳಾ ಎಂದು ಕೇಳುತ್ತಿತ್ತು. ದೇಶದ ಗಡಿಯಲ್ಲಿ ಸಹಜವೆನಿಸುವ ದರಭೇದ ರಾಜ್ಯದ ಗಡಿಯಲ್ಲಿ ಅವಮಾನವಾಗಿ ಕಾಣುವುದೇಕೆ? ಈ ಪ್ರಶ್ನೆಯನ್ನು ಅತ್ಯಂತ ನೇರವಾಗಿ ಎದುರಿಸಿದವರು ಅಮೆರಿಕದ ಬೇಟೆಗಾರರು. ಅಲ್ಲಿ ಪ್ರತಿ ರಾಜ್ಯವೂ ಬೇಟೆಯ ಪರವಾನಗಿಗೆ ತನ್ನವರಿಂದ ಒಂದು, ಹೊರರಾಜ್ಯದವರಿಂದ ಅದರ ಹಲವು ಪಟ್ಟು ವಸೂಲು ಮಾಡುತ್ತದೆ. ನಮ್ಮಲ್ಲಿ ಬೇಟೆಯೇ ನಿಂತುಹೋಗಿದೆ. ಆದರೆ ಆ ವಾದದ ಎರಡೂ ಬದಿಗಳು ನಮ್ಮ ಕಾಡಿನಲ್ಲಿ, ಕಾಲೇಜಿನಲ್ಲಿ, ಆಸ್ಪತ್ರೆಯಲ್ಲಿ ಬೇರೆ ಬೇರೆ ವೇಷದಲ್ಲಿ ಜೀವಂತವಾಗಿವೆ.

ಮಾಂಟಾನದ ಲೆಕ್ಕ

ಮಾಂಟಾನ ಅಮೆರಿಕದ ವಾಯವ್ಯದ ಬೆಟ್ಟಗಾಡು ರಾಜ್ಯ. ಜನ ಕಡಿಮೆ, ಕಾಡು ಹೆಚ್ಚು. ಅಲ್ಲಿನ ಎಲ್ಕ್ ಎಂಬ ಪ್ರಾಣಿ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಅದನ್ನು ಹೊಡೆಯಲು ದೇಶದ ಮೂಲೆಮೂಲೆಯಿಂದ ಬೇಟೆಗಾರರು ಬರುತ್ತಾರೆ. 1976ರಲ್ಲಿ ಮಾಂಟಾನದ ನಿವಾಸಿ ಎಲ್ಕ್ ಒಂದಕ್ಕೇ ಪರವಾನಗಿ ಬೇಕೆಂದರೆ 9 ಡಾಲರ್ ಕೊಟ್ಟರೆ ಸಾಕಿತ್ತು. ಹೊರಗಿನವನಿಗೆ ಎಲ್ಕ್ ಒಂದಕ್ಕೇ ಪರವಾನಗಿ ಸಿಗುತ್ತಿರಲಿಲ್ಲ. ಹಲವು ಪ್ರಾಣಿಗಳನ್ನು ಸೇರಿಸಿದ ಪರವಾನಗಿಯನ್ನೇ 225 ಡಾಲರಿಗೆ ಕೊಳ್ಳಬೇಕಿತ್ತು. ಅದೇ ಪರವಾನಗಿ ಸ್ಥಳೀಯನಿಗೆ 30 ಡಾಲರ್. ಸಾಲದ್ದಕ್ಕೆ ಹೊರಗಿನವರಿಗೆ ವರ್ಷಕ್ಕೆ 17,000 ಪರವಾನಗಿಗಳೆಂಬ ಮಿತಿಯೂ ಇತ್ತು.

ಮಿನೆಸೋಟ ರಾಜ್ಯದ ನಾಲ್ವರು ಇದನ್ನು ಕೋರ್ಟಿಗೆ ಎಳೆದರು. ಅವರ ಜೊತೆ ಐದನೆಯವನೊಬ್ಬನಿದ್ದ. ಅವನು ಮಾಂಟಾನದವನೇ, ಬೇಟೆಗಾರರನ್ನು ಕಾಡಿಗೆ ಕರೆದೊಯ್ಯುವುದು ಅವನ ಕಸುಬು. ಅವನ ಗಿರಾಕಿಗಳಲ್ಲಿ ಹೆಚ್ಚಿನವರು ಹೊರರಾಜ್ಯದವರು. ಅವರಿಗೆ ದರ ಏರಿದರೆ ಪೆಟ್ಟು ಬೀಳುವುದು ಅವನ ಹೊಟ್ಟೆಗೆ. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಮಾಂಟಾನದ ಪರ ತೀರ್ಪು ಕೊಟ್ಟಿತು. ಎಲ್ಕ್ ಬೇಟೆ ಹೊರಗಿನವರಿಗೆ ವಿನೋದ, ಜೀವನೋಪಾಯವಲ್ಲ. ಅದರಲ್ಲಿ ದರಭೇದ ಮಾಡಿದರೆ ದೇಶದ ಐಕ್ಯಕ್ಕೆ ಕುಂದಿಲ್ಲ ಎಂಬುದು ತೀರ್ಪಿನ ತಿರುಳು. ಈಗ ಅಲ್ಲಿ ಹೊರರಾಜ್ಯದವರ ದೊಡ್ಡ ಬೇಟೆಯ ಪರವಾನಗಿ ಸಾವಿರ ಡಾಲರ್ ದಾಟಿದೆ.

ಆದರೆ ಅದೇ ಕೋರ್ಟು ಮೂವತ್ತು ವರ್ಷ ಮುಂಚೆ, 1948ರಲ್ಲಿ, ಇನ್ನೊಂದು ದರಭೇದವನ್ನು ತಳ್ಳಿಹಾಕಿತ್ತು. ದಕ್ಷಿಣ ಕೆರೋಲೈನ ರಾಜ್ಯ ಸಿಗಡಿ ಹಿಡಿಯುವ ದೋಣಿಗೆ ತನ್ನವರಿಂದ 25 ಡಾಲರ್, ಹೊರಗಿನವರಿಂದ 2,500 ಡಾಲರ್ ಕೇಳುತ್ತಿತ್ತು. ಕೋರ್ಟಿಗೆ ಹೋದವರು ಪಕ್ಕದ ಜಾರ್ಜಿಯಾದ ಮೀನುಗಾರರು. ಮೋಜಿಗೆ ಬರುವವನಿಂದ ಹೆಚ್ಚು ಕೇಳಬಹುದು, ಹೊಟ್ಟೆಪಾಡಿಗೆ ಬರುವವನನ್ನು ದರದ ಗೋಡೆ ಕಟ್ಟಿ ತಡೆಯುವಂತಿಲ್ಲ: ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ಕಾಣುವ ಗೆರೆ ಇದು. ನಮ್ಮ ಚರ್ಚೆಗೂ ಈ ಗೆರೆ ಉಪಯೋಗಕ್ಕೆ ಬರುತ್ತದೆ.

ನಮ್ಮ ಕಾಡಿನ ಕಥೆ

ನಮ್ಮಲ್ಲೂ ಪರವಾನಗಿಯ ಕಾಲವೊಂದಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆಗೆ ಕಾಯಿದೆ ಮಾಡಿತ್ತು. ಹೊರಗಿನಿಂದ ಬಂದ ಸಾಹೇಬರು ಹೊಡೆದ ಹುಲಿ, ಕಾಟಿಗಳ ತಲೆಗಳು ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ತೊಗಲು ಹದವಾಗಿ, ಗಾಜಿನ ಕಣ್ಣು ಪಡೆದು ಹಡಗು ಹತ್ತುತ್ತಿದ್ದವು. ಅದೇ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಸೀರ್ ಮೀನು ಗಾಳಗಾರರ ಲೋಕದಲ್ಲಿ ಇಂದಿಗೂ ದಾಖಲೆ. ಸ್ವಾತಂತ್ರ್ಯ ಬಂದ ಮೇಲೆ ಶಿಕಾರಿ ಕಂಪನಿಗಳು ಹುಟ್ಟಿಕೊಂಡವು. ಅವು ಅರಣ್ಯ ಇಲಾಖೆಯಿಂದ ಬೇಟೆಯ ಬ್ಲಾಕುಗಳನ್ನು ಪಡೆದು ಅಮೆರಿಕ, ಯುರೋಪಿನ ಶ್ರೀಮಂತರಿಗೆ ಹುಲಿ ತೋರಿಸುವ, ಹೊಡೆಸುವ ವ್ಯವಹಾರ ನಡೆಸಿದವು.

1969ರ ಕೊನೆಯಲ್ಲಿ ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟ ದೆಹಲಿಯಲ್ಲೇ ಮಹಾಸಭೆ ಸೇರಿತು. ಹುಲಿ ಅಪಾಯದಲ್ಲಿದೆ, ಕೊಲ್ಲುವುದನ್ನು ನಿಲ್ಲಿಸಿ ಎಂಬ ಕೂಗು ಅಲ್ಲಿ ಗಟ್ಟಿಯಾಯಿತು. ಮರುವರ್ಷವೇ ಹುಲಿ ಬೇಟೆಗೆ ನಿಷೇಧ ಬಂತು. ಶಿಕಾರಿ ಕಂಪನಿಗಳು ಆಗ ಎತ್ತಿದ ತಕರಾರು ಗಮನಿಸಬೇಕಾದದ್ದು: ಹೊರಗಿನವರು ತರುವ ವಿದೇಶಿ ವಿನಿಮಯ ಕೈತಪ್ಪುತ್ತದೆ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲಿಗೆ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ಅದರ ಒಂಬತ್ತನೆಯ ಕಲಮಿನಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬಗೆಬಗೆಯ ಪರವಾನಗಿಗಳಿದ್ದವು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು.

ಇಂದು ಹೊರರಾಜ್ಯದ ಬೇಟೆಗಾರನ ಲೆಕ್ಕ ನಮ್ಮಲ್ಲಿ ತಿರುವುಮುರುವಾಗಿದೆ. 2016ರಲ್ಲಿ ಬಿಹಾರದ ಮೊಕಾಮದಲ್ಲಿ ಬೆಳೆ ಹಾಳುಮಾಡುತ್ತಿದ್ದ ನೀಲಗಾಯ್‌ಗಳನ್ನು ಹೊಡೆಯಲು ಹೈದರಾಬಾದಿನಿಂದ ಗುರಿಕಾರರನ್ನು ಕರೆಸಿದರು. ಇನ್ನೂರಕ್ಕೂ ಹೆಚ್ಚು ಪ್ರಾಣಿಗಳು ಬಿದ್ದವು. ಕೊಂದದ್ದು ತಪ್ಪೆಂದು ಮೇನಕಾ ಗಾಂಧಿ, ರಾಜ್ಯ ಕೇಳಿದ್ದಕ್ಕೆ ಅನುಮತಿ ಕೊಟ್ಟೆವೆಂದು ಪ್ರಕಾಶ ಜಾವಡೇಕರ್, ಒಂದೇ ಕೇಂದ್ರ ಸಂಪುಟದ ಇಬ್ಬರು ಸಚಿವರು ಬಹಿರಂಗವಾಗಿ ವಾದಿಸಿದರು. ಮಾಂಟಾನದಲ್ಲಿ ಹೊರಗಿನವನು ದುಡ್ಡು ಕೊಟ್ಟು ಬರುತ್ತಾನೆ. ಇಲ್ಲಿ ಊರಿನವನಿಗೆ ಕೋವಿ ಎತ್ತಲು ಬಿಡದೆ ಹೊರಗಿನವನನ್ನು ಕರೆಸಿಕೊಳ್ಳುತ್ತೇವೆ.

ಬೇಟೆ ಹೋದರೂ ಕಾಡಿನ ಮೋಜು ಹೋಗಲಿಲ್ಲ. ಬಂಡೀಪುರ, ನಾಗರಹೊಳೆಯ ಸಫಾರಿ ಜೀಪು ಇಂದು ಆ ಜಾಗದಲ್ಲಿದೆ. ಕೋವಿಯ ಬದಲು ಕ್ಯಾಮೆರಾ. ಸೀಮಿತ ಸೀಟು, ದುಬಾರಿ ರೆಸಾರ್ಟು, ವಿದೇಶಿಯರಿಗೆ ಬೇರೆ ದರ. ಹೊರರಾಜ್ಯದವರಿಂದಲೂ ಹೆಚ್ಚು ತೆಗೆದುಕೊಳ್ಳಬೇಕೆ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಸುಲಭವಲ್ಲ.

ಊರಿನವರ ಪರವಾಗಿ

ಹೆಚ್ಚು ದರದ ಪರವಾಗಿ ನಿಲ್ಲುವ ಮೊದಲ ಮಾತು: ಊರಿನವನು ಆಗಲೇ ತೆತ್ತಿದ್ದಾನೆ. ಗುಂಡ್ಲುಪೇಟೆಯ ಕಾಡಂಚಿನ ಹೊಲದಲ್ಲಿ ಜೋಳ ಹಾಲುಗಟ್ಟುವ ಹೊತ್ತಿಗೆ ರೈತ ಮನೆಯಲ್ಲಿ ಮಲಗುವುದಿಲ್ಲ. ಅಟ್ಟಣೆ ಹತ್ತಿ, ಟಾರ್ಚು ಪಟಾಕಿ ಇಟ್ಟುಕೊಂಡು ಬೆಳಗಿನ ಜಾವದ ತನಕ ಕೂಗುತ್ತಾನೆ. ಒಂದು ಆನೆ ಒಳಗೆ ಬಂದರೆ ವರ್ಷದ ದುಡಿಮೆ ಒಂದೇ ರಾತ್ರಿಗೆ ಮುಗಿಯಿತು. ಸರ್ಕಾರ ಪರಿಹಾರ ಕೊಡುತ್ತದೆ, ಆದರೆ ನಿದ್ದೆಗೆ, ಹೆದರಿಕೆಗೆ ಪರಿಹಾರವಿಲ್ಲ. ಆನೆ ನೋಡಿ ಸಂತೋಷಪಟ್ಟು ಊರಿಗೆ ಮರಳುವವನು ಈ ಲೆಕ್ಕದಲ್ಲಿ ಏನೂ ಹಾಕಿಲ್ಲ. ಅವನ ಟಿಕೆಟಿನಲ್ಲಿ ಒಂದಿಷ್ಟು ಹೆಚ್ಚಿದ್ದರೆ ತಪ್ಪೇನು?

ಎರಡನೆಯದು, ತೆರಿಗೆ. ರಾಜ್ಯದ ಅರಣ್ಯ ಇಲಾಖೆ ನಡೆಯುವುದು ಬಹುಪಾಲು ರಾಜ್ಯದ ಬೊಕ್ಕಸದಿಂದ. ಕಾನೂನಿನಲ್ಲೂ ಈ ಒಡೆತನದ ನೆರಳಿದೆ. ವನ್ಯಜೀವಿ ಕಾಯಿದೆಯ 39ನೆಯ ಕಲಮಿನ ಪ್ರಕಾರ ಕಾಡಿನಲ್ಲಿ ಸತ್ತು ಸಿಕ್ಕ, ಅಕ್ರಮವಾಗಿ ಹೊಡೆದ ಪ್ರಾಣಿ ಸಾಮಾನ್ಯವಾಗಿ ಆಯಾ ರಾಜ್ಯ ಸರ್ಕಾರದ ಸ್ವತ್ತು. ದಂತ ಸಿಕ್ಕರೆ ಅದು ಹೋಗುವುದು ರಾಜ್ಯದ ಉಗ್ರಾಣಕ್ಕೇ.

ಮೂರನೆಯದು, ಇರುವುದೇ ಸ್ವಲ್ಪ. ಒಂದು ಕಾಡು ತಾಳಿಕೊಳ್ಳುವ ಜೀಪುಗಳಿಗೆ ಮಿತಿಯಿದೆ. ಒಂದು ಬೆಟ್ಟದಲ್ಲಿ ಹೊಡೆಯಬಹುದಾದ ಎಲ್ಕುಗಳಿಗೂ ಮಿತಿಯಿದೆ. ಬಾಗಿಲು ಎಲ್ಲರಿಗೂ ಸಮನಾಗಿ ತೆರೆದರೆ ದುಡ್ಡಿರುವ, ದೂರದ, ದೊಡ್ಡ ಊರಿನವನೇ ಮುಂದೆ ನಿಲ್ಲುತ್ತಾನೆ. ಕಾಡಿನ ಪಕ್ಕದಲ್ಲೇ ಬೆಳೆದ ಹುಡುಗ ಅದನ್ನು ನೋಡದೆಯೇ ದೊಡ್ಡವನಾಗುತ್ತಾನೆ. ಭೂತಾನ್ ಇದೇ ಯೋಚನೆಯಿಂದ ಪ್ರವಾಸಿಗಳ ಮೇಲೆ ದಿನದ ಶುಲ್ಕ ಹಾಕಿದೆ. ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ, ದೂರದ ದೇಶಗಳವರಿಗೆ 2023ರಿಂದ 100 ಡಾಲರ್.

ನಾಲ್ಕನೆಯದು, ಹೊರಗಿನ ದುಡ್ಡು ಕಾಡನ್ನು ಉಳಿಸಿದ ಉದಾಹರಣೆಗಳಿವೆ. ಅಮೆರಿಕದಲ್ಲಿ 1937ರ ಕಾಯಿದೆಯಿಂದ ಬಂದೂಕು, ಮದ್ದುಗುಂಡುಗಳ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಅದರ ಜೊತೆ ಪರವಾನಗಿ ಶುಲ್ಕವೇ ಆ ಇಲಾಖೆಗಳ ಬೆನ್ನೆಲುಬು. ಪಾಕಿಸ್ತಾನದ ಉತ್ತರದ ಬೆಟ್ಟಗಳಲ್ಲಿ ಸುರುಳಿ ಕೊಂಬಿನ ಮಾರ್ಖೋರ್ ಎಂಬ ಕಾಡು ಮೇಕೆಯ ಒಂದು ಪರವಾನಗಿಯನ್ನು ವಿದೇಶಿ ಬೇಟೆಗಾರ ಹರಾಜಿನಲ್ಲಿ ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಳ್ಳುತ್ತಾನೆ. ಅದರ ನೂರಕ್ಕೆ ಎಂಬತ್ತು ಪಾಲು ಆ ಕಣಿವೆಯ ಹಳ್ಳಿಗಳಿಗೆ. ಮೊದಲು ಮಾಂಸಕ್ಕೆಂದು ಹೊಡೆಯುತ್ತಿದ್ದ ಹಳ್ಳಿಯವರೇ ಈಗ ಕಾವಲುಗಾರರಾಗಿದ್ದಾರೆ. ನಮ್ಮಲ್ಲೂ ಭೀಮೇಶ್ವರಿಯ ಕಾವೇರಿ ದಂಡೆಯಲ್ಲಿ ಮಹಸೀರ್ ಹಿಡಿದು ಮತ್ತೆ ನೀರಿಗೇ ಬಿಡುವ ಗಾಳದ ಶಿಬಿರಗಳು ಬಹಳ ವರ್ಷ ನಡೆದವು. ದುಡ್ಡು ಕೊಡುವ ಗಾಳಗಾರ ಬರುತ್ತಿದ್ದುದರಿಂದ ನದಿಗೆ ಸಿಡಿಮದ್ದು ಎಸೆಯುವವರ ಮೇಲೆ ಕಣ್ಣಿತ್ತು ಎಂಬುದು ಶಿಬಿರದ ಪರವಾದವರ ವಾದ. ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂದು ಕಾನೂನು ಹೇಳಿದ್ದರಿಂದ ಅದು ನಿಂತಿತು.

ಹೊರಗಿನವರ ಪರವಾಗಿ

ಇನ್ನೊಂದು ಬದಿಯ ಮಾತೂ ಅಷ್ಟೇ ಗಟ್ಟಿ. ಬಂಡೀಪುರದ ಆನೆ ಸಂಜೆಗೆ ತಮಿಳುನಾಡಿನ ಮುದುಮಲೆಗೆ ದಾಟುತ್ತದೆ, ಬೇಸಿಗೆಗೆ ಕೇರಳದ ವಯನಾಡಿಗೂ ಹೋಗುತ್ತದೆ. ಅದು ಯಾವ ರಾಜ್ಯದ್ದು? 1976ರ 42ನೆಯ ತಿದ್ದುಪಡಿ ಕಾಡು ಮತ್ತು ವನ್ಯಜೀವಿಯನ್ನು ರಾಜ್ಯಗಳ ಪಟ್ಟಿಯಿಂದ ತೆಗೆದು ಕೇಂದ್ರ-ರಾಜ್ಯಗಳ ಸಮವರ್ತಿ ಪಟ್ಟಿಗೆ ಹಾಕಿತು. 1973ರಲ್ಲಿ ಶುರುವಾದ ಹುಲಿ ಯೋಜನೆಗೆ ಕೇಂದ್ರದ ಹಣ ಹರಿಯುತ್ತಲೇ ಇದೆ. ಆ ಹಣದಲ್ಲಿ ಪಟ್ನಾದವನ, ಸೂರತ್ತಿನವನ ತೆರಿಗೆಯೂ ಇದೆ. ಮಾಂಟಾನದಲ್ಲೂ ಎಲ್ಕುಗಳು ಓಡಾಡುವ ಕಾಡಿನ ದೊಡ್ಡ ಪಾಲು ಕೇಂದ್ರ ಸರ್ಕಾರದ ನೆಲ. ಕಾಡಿನ ಖರ್ಚಿಗೆ ದೇಶವೆಲ್ಲ ದುಡ್ಡು ಹಾಕುವಾಗ ಟಿಕೆಟಿನ ಹೊತ್ತಿಗೆ ಮಾತ್ರ ‘ನೀನು ಹೊರಗಿನವನು’ ಎನ್ನುವುದು ಸರಿಯೇ?

ಎರಡನೆಯ ಆಕ್ಷೇಪ ರಾಜಕೀಯದ್ದು. ಹೊರಗಿನವನಿಗೆ ಇಲ್ಲಿ ಓಟಿಲ್ಲ. ಊರಿನವರ ದರ ಹತ್ತು ರೂಪಾಯಿ ಏರಿಸಿದರೆ ಪ್ರತಿಭಟನೆ, ಹೊರಗಿನವರ ದರ ಇಮ್ಮಡಿ ಮಾಡಿದರೆ ಯಾರೂ ಕೇಳುವುದಿಲ್ಲ. ಹೀಗೆ ಕೇಳುವವರಿಲ್ಲದವನ ಜೇಬಿಗೆ ಕೈ ಹಾಕುವುದು ಆಳುವವರಿಗೆ ರೂಢಿಯಾದರೆ, ಬಂದ ಹಣದ ಲೆಕ್ಕ ಕೇಳುವವರೂ ಇರುವುದಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಮೂರನೆಯದು, ರಾಜ್ಯದ ಗಡಿ ಒರಟು ಅಳತೆ. ಬೆಂಗಳೂರಿನ ಕೋರಮಂಗಲದ ಶ್ರೀಮಂತ ನಾಗರಹೊಳೆಗೆ ಹೋದರೆ ಅವನು ‘ಸ್ಥಳೀಯ’. ಅದೇ ಕಾಡಿನ ಆಚೆ ಬದಿಯಲ್ಲಿ, ಅದೇ ಆನೆಯ ಕಾಟ ಅನುಭವಿಸುವ ಮಾನಂದವಾಡಿಯ ಕೂಲಿಯವನು ‘ಹೊರರಾಜ್ಯದವನು’. ಭಾರ ಹೊತ್ತವನಿಗೆ ರಿಯಾಯಿತಿ ಎಂಬ ತತ್ವವನ್ನು ರಾಜ್ಯದ ಗಡಿಯಿಂದ ಅಳೆದರೆ ಯಾವ ಭಾರವನ್ನೂ ಹೊರದವನಿಗೆ ರಿಯಾಯಿತಿ ಸಿಗುತ್ತದೆ.

ನಾಲ್ಕನೆಯದು, ಹೊರಗಿನವನ ಹಣದ ರುಚಿ ಹತ್ತಿದ ಇಲಾಖೆ ಇನ್ನಷ್ಟು ಮಾರಲು ಹೊರಡುತ್ತದೆ. ಹುಲಿ ಬೇಟೆ ನಿಲ್ಲಿಸಬೇಡಿ, ವಿದೇಶಿ ಹಣ ಹೋಗುತ್ತದೆ ಎಂದು 1970ರಲ್ಲಿ ಎದ್ದ ವಾದ ಇದರ ಎಚ್ಚರಿಕೆ. ಕಾಡು ಕಾಯಲು ಬಂದ ದುಡ್ಡು ಕಾಡನ್ನೇ ಮಾರಲು ಹೇಳಿದರೆ ಅದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೊನೆಗೆ, ಮಾಂಟಾನದ ಆ ಮಾರ್ಗದರ್ಶಕನ ಅಳಲು: ಹೊರಗಿನವನ ಮೇಲೆ ಹಾಕಿದ ಹೊರೆ ಹೋಮ್‌ಸ್ಟೇ, ಜೀಪು, ಚಹಾದಂಗಡಿ ನಡೆಸುವ ಊರಿನವನ ಮೇಲೂ ಬೀಳುತ್ತದೆ.

ದರವಿಲ್ಲದೆಯೂ ಒಳಗಿನವರು, ಹೊರಗಿನವರು ಎಂದು ಗುರುತಿಸುವ ಬಗೆ ಕೊಡಗಿನಲ್ಲಿದೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಇರುವವರಿಗೂ ಕೋವಿ ಇಟ್ಟುಕೊಳ್ಳಲು ಆಯುಧ ಪರವಾನಗಿ ಬೇಡ ಎಂಬ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. ಪಕ್ಕದ ಮನೆಯವನಿಗಿಲ್ಲದ ಹಕ್ಕು ಇವರಿಗೇಕೆ ಎಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಕೈಲ್ ಪೊಳ್ದು ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಸಮುದಾಯದ ಸಂಪ್ರದಾಯಕ್ಕೆ ಸಂದ ಮನ್ನಣೆ ಅದು, ಬೇಟೆಗೆ ಸಿಕ್ಕ ಅನುಮತಿಯಲ್ಲ. ಸಂಪ್ರದಾಯವೂ ಒಂದು ಬಗೆಯ ಹಕ್ಕುಪತ್ರ ಎನ್ನುವವರಿಗೆ ಇದು ಸರಿ. ಪೌರನೆಂದರೆ ಎಲ್ಲರೂ ಒಂದೇ ಎನ್ನುವವರಿಗೆ ಇಂದಿಗೂ ಕಸಿವಿಸಿ.

ಆಟವೋ, ಅಗತ್ಯವೋ

ಭಾರತದ ನ್ಯಾಯಾಲಯಗಳ ಮುಂದೆ ಈ ಪ್ರಶ್ನೆ ಬಂದದ್ದು ಕಾಡಿನಿಂದಲ್ಲ, ಕಾಲೇಜು, ಆಸ್ಪತ್ರೆಗಳಿಂದ. ಮೊದಲ ಪ್ರಕರಣದ ಅರ್ಜಿದಾರರು ದೆಹಲಿಯವರೇ. 1952ರಲ್ಲಿ ಇಂದೋರಿನ ಮಹಾತ್ಮಾ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿಗೆ ಸೇರಿದ ಡಿ.ಪಿ. ಜೋಶಿ ಅವರಿಂದ ಕಾಲೇಜು 1,500 ರೂಪಾಯಿ ಕ್ಯಾಪಿಟೇಷನ್ ಶುಲ್ಕ ಕೇಳಿತು. ಮಧ್ಯಭಾರತ ರಾಜ್ಯದವರಿಗೆ ಅದು ಇರಲಿಲ್ಲ. ಹುಟ್ಟಿದ ಸ್ಥಳದ ಮೇಲೆ ಭೇದ ಮಾಡಬಾರದು ಎನ್ನುತ್ತದೆ ಸಂವಿಧಾನ, ವಾಸಸ್ಥಳದ ಮಾತು ಅಲ್ಲಿಲ್ಲ ಎಂದು ಸುಪ್ರೀಂ ಕೋರ್ಟು 1955ರಲ್ಲಿ ಬಹುಮತದಿಂದ ಹೇಳಿ ಶುಲ್ಕವನ್ನು ಎತ್ತಿಹಿಡಿಯಿತು. ರಾಜ್ಯ ತನ್ನ ಹಣದಲ್ಲಿ ಕಾಲೇಜು ನಡೆಸುತ್ತದೆ, ಅಲ್ಲಿನವರು ಓದಿದರೆ ಮುಂದೆ ಅಲ್ಲೇ ವೈದ್ಯರಾಗಿ ಉಳಿದಾರು ಎಂಬುದು ಕೋರ್ಟಿನ ಒಂದು ಕಾರಣ. ಮಾಂಟಾನದ ವಾದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಎರಡನೆಯದು ನಮ್ಮದೇ. ಕರ್ನಾಟಕ ಸರ್ಕಾರ 1989ರ ಜೂನಿನಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಗೊತ್ತುಮಾಡಿದ ವಾರ್ಷಿಕ ದರಪಟ್ಟಿಯಲ್ಲಿ ಮೂರು ಮೆಟ್ಟಿಲುಗಳಿದ್ದವು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದ ಭಾರತೀಯರಿಗೆ 60,000ದ ತನಕ. ಇಂದು ದೆಹಲಿ ರಾಜಧಾನಿ ವಲಯಕ್ಕೇ ಸೇರಿದ ಮೀರತ್ತಿನ ಮೋಹಿನಿ ಜೈನ್ ಅವರಿಗೆ ತುಮಕೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಆ 60,000ವನ್ನೂ ಉಳಿದ ವರ್ಷಗಳ ಬ್ಯಾಂಕ್ ಖಾತರಿಯನ್ನೂ ಹೊಂದಿಸಲು ಮನೆಯವರಿಂದ ಆಗಲಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಷನ್ ಎಂಬುದೇ ಸಂವಿಧಾನಕ್ಕೆ ವಿರುದ್ಧ, ಶಿಕ್ಷಣ ಹಕ್ಕು ಎಂದಿತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಆ ಮಾತು ಸಡಿಲವಾಗಿ ‘ಪೇಮೆಂಟ್ ಸೀಟು’ ಬಂತು. ಆದರೆ ಗಮನಿಸಿ: ಕೋರ್ಟಿಗೆ ಮುಖ್ಯವಾದದ್ದು ಅರ್ಜಿದಾರರು ಹೊರರಾಜ್ಯದವರು ಎಂಬುದಲ್ಲ, ಮಾರಾಟಕ್ಕಿಟ್ಟ ವಸ್ತು ಶಿಕ್ಷಣ ಎಂಬುದು.

ಮೂರನೆಯದು ದೆಹಲಿಯದು. 2018ರಲ್ಲಿ ದೆಹಲಿ ಸರ್ಕಾರ ಉತ್ತರ ಪ್ರದೇಶದ ಗಡಿಗೆ ಹತ್ತಿರದ ಗುರು ತೇಗ್ ಬಹಾದೂರ್ ಆಸ್ಪತ್ರೆಯಲ್ಲಿ ನೂರಕ್ಕೆ ಎಂಬತ್ತು ಹಾಸಿಗೆಗಳನ್ನು ದೆಹಲಿಯ ಮತದಾರರ ಚೀಟಿ ಇದ್ದವರಿಗೆ ಮೀಸಲಿಟ್ಟಿತು. ಉಚಿತ ಔಷಧಿ, ಪರೀಕ್ಷೆಗಳೂ ಅವರಿಗೇ. ದೆಹಲಿಯ ತೆರಿಗೆದಾರ ಕಟ್ಟಿದ ಆಸ್ಪತ್ರೆಯಲ್ಲಿ ದೆಹಲಿಯವನೇ ನೆಲದ ಮೇಲೆ ಮಲಗುವುದೇ ಎಂಬ ಸರ್ಕಾರದ ಪ್ರಶ್ನೆ ಪೊಳ್ಳಲ್ಲ. ಆದರೂ ದೆಹಲಿ ಹೈಕೋರ್ಟು ಅಕ್ಟೋಬರಿನಲ್ಲಿ ಆ ಸುತ್ತೋಲೆಯನ್ನು ರದ್ದು ಮಾಡಿತು. ಕಾಯಿಲೆಯವನ ಮುಂದೆ ವಿಳಾಸದ ಮಾತಿಲ್ಲ ಎಂಬುದೇ ಅದರ ಅರ್ಥ. ಸರೋಜಿನಿ ನಗರದ ಪಕ್ಕದಲ್ಲೇ ಇರುವ ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಗಳು ಮೊದಲಿನಿಂದಲೂ ಹೀಗೇ ನಡೆದಿವೆ. ಅವು ಕೇಂದ್ರದವು. ಬೆಳಗಿನ ಹೊರರೋಗಿ ಸಾಲಿನಲ್ಲಿ ಸಮಸ್ತಿಪುರದ ಅಜ್ಜಿ, ಗೋರಖಪುರದ ಕೂಸು, ರೋಹ್ತಕ್‌ನ ಹುಡುಗ ಒಂದೇ ಚೀಟಿ ಹಿಡಿದು ನಿಲ್ಲುತ್ತಾರೆ.

ತೂಗಿ ನೋಡಿದರೆ

ಈ ವಿಷಯವನ್ನು ಸರೋಜಿನಿ ನಗರದಿಂದ ನೋಡುವುದಕ್ಕೆ ಒಂದು ಕಾರಣವಿದೆ. ಇದು ಹೊರಗಿನವರದೇ ಊರು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ನೌಕರರಿಗೆಂದು ವಿನಯ ನಗರ ಎಂಬ ಹೆಸರಿನಲ್ಲಿ ಬೆಳೆದ ಬಡಾವಣೆ, ಆಮೇಲೆ ಸರೋಜಿನಿ ನಾಯ್ಡು ಅವರ ಹೆಸರು ಪಡೆಯಿತು. ಆಕೆಯ ಮನೆತನ ಬಂಗಾಳದ್ದು, ಹುಟ್ಟೂರು ಹೈದರಾಬಾದು, ರಾಜ್ಯಪಾಲರಾದದ್ದು ಸಂಯುಕ್ತ ಪ್ರಾಂತದಲ್ಲಿ. ಇಲ್ಲಿನ ಕ್ವಾರ್ಟರ್ಸಿನಲ್ಲಿ ಒಂದು ಮೆಟ್ಟಿಲಿಗೆ ತಮಿಳರು, ಇನ್ನೊಂದಕ್ಕೆ ಗಢವಾಲಿಗಳು, ಮಹಡಿಯಲ್ಲಿ ಧಾರವಾಡದವರು. ಈಗ ಹಳೆಯ ಕ್ವಾರ್ಟರ್ಸು ಒಡೆದು ಬಹುಮಹಡಿ ಕಟ್ಟಡಗಳು ಏಳುತ್ತಿವೆ, ಆದರೆ ವರ್ಗಾವಣೆಯ ಬದುಕು ಹಾಗೇ ಇದೆ.

ಇಲ್ಲಿ ಬೆಳೆದ ಕನ್ನಡದ ಮಗು ಹನ್ನೆರಡನೆಯ ತರಗತಿ ಮುಗಿಸಿದಾಗ ಏನಾಗುತ್ತದೆ ನೋಡಿ. ದೆಹಲಿಯ ಶಾಲೆಯಲ್ಲಿ ಓದಿದ್ದರಿಂದ ಇಲ್ಲಿನ ಇಂದ್ರಪ್ರಸ್ಥ ವಿಶ್ವವಿದ್ಯಾಲಯದ ಶೇಕಡಾ 85 ಸೀಟುಗಳ ಪಾಲಿಗೆ ಅದು ‘ದೆಹಲಿಯದು’. ಅಜ್ಜನ ಮನೆಯಿರುವ ಕರ್ನಾಟಕದಲ್ಲಿ ಸರ್ಕಾರಿ ಕೋಟಾ ಸೀಟಿಗೆ ಸಾಮಾನ್ಯ ನಿಯಮ ಏಳು ವರ್ಷ ಅಲ್ಲೇ ಓದಿರಬೇಕು ಎನ್ನುವುದರಿಂದ, ಅಲ್ಲಿ ಅದು ವಿನಾಯಿತಿಯ ಕಲಮು ಹುಡುಕಬೇಕು. ಹೊರನಾಡ, ಗಡಿನಾಡ ಕನ್ನಡಿಗರಿಗೆಂದು ಇರುವ ಅವಕಾಶಕ್ಕೆ ಕನ್ನಡ ಪರೀಕ್ಷೆ ಬರೆಯಬೇಕು. ಅಂದರೆ ಒಳಗಿನವನು, ಹೊರಗಿನವನು ಎಂಬುದು ರಕ್ತದಲ್ಲಿಲ್ಲ, ಅರ್ಜಿಯ ನಮೂನೆಯಲ್ಲಿದೆ. ಇಂದು ಈ ಪಟ್ಟಿಯಲ್ಲಿದ್ದವನು ನಾಳೆ ಆ ಪಟ್ಟಿಯಲ್ಲಿ. ಹೀಗಿರುವಾಗ ದರಭೇದವನ್ನು ಪೂರ್ತಿ ಒಪ್ಪುವುದೂ ಕಷ್ಟ, ಪೂರ್ತಿ ತಳ್ಳುವುದೂ ಕಷ್ಟ.

ಎರಡೂ ಕಡೆಯ ಮಾತು ಕೇಳಿದ ಮೇಲೆ ನನಗೆ ಮೂರು ಪ್ರಶ್ನೆಗಳು ಉಳಿಯುತ್ತವೆ. ಮಾರುತ್ತಿರುವುದು ಆಟವೋ, ಅಗತ್ಯವೋ? ಅಗತ್ಯವಾದರೆ, ಅಂದರೆ ಔಷಧಿ, ಓದು, ದುಡಿಮೆಯಾದರೆ, ಹೊರಗಿನವನಿಂದ ಹೆಚ್ಚು ಕೇಳುವುದು ನ್ಯಾಯವಲ್ಲ. ಸೀಟುಗಳಲ್ಲಿ ಊರಿನವರಿಗೊಂದು ಪಾಲು ಇಡಬಹುದು. ಸಿಕ್ಕ ಸೀಟಿನ ಬೆಲೆ ವಿಳಾಸ ನೋಡಿ ಬದಲಾಗಬಾರದು. ಪಾಲು ಹಂಚುವುದು ಬೇರೆ, ಬೆಲೆ ಕಟ್ಟುವುದು ಬೇರೆ. ಮೊದಲನೆಯದರಲ್ಲಿ ಬಡವನಿಗೂ ಅವಕಾಶ ಉಳಿಯುತ್ತದೆ, ಎರಡನೆಯದರಲ್ಲಿ ಉಳಿಯುವುದು ಶ್ರೀಮಂತನಿಗೆ ಮಾತ್ರ.

ಆಟವಾದರೆ ಎರಡನೆಯ ಪ್ರಶ್ನೆ: ಅದರ ಭಾರ ಹೊತ್ತವರು ಯಾರು? ಇದಕ್ಕೆ ರಾಜ್ಯದ ಗಡಿಗಿಂತ ಕಾಡಿನ ಅಂಚು ಒಳ್ಳೆಯ ಅಳತೆ. ಗುಂಡ್ಲುಪೇಟೆಯ, ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಯ ಮಕ್ಕಳಿಗೆ ಸಫಾರಿ ಪುಕ್ಕಟೆಯಾಗಲಿ. ಗಡಿಯಾಚೆಯ ಕಾಡಂಚಿನವರಿಗೂ ಹಾಗೇ ಆಗಲಿ. ಬೆಂಗಳೂರಿನವನೂ ದೆಹಲಿಯವನೂ ಒಂದೇ ದರ ಕೊಡಲಿ, ಅದು ಹೆಚ್ಚೇ ಇರಲಿ. ಈ ಅಳತೆಯನ್ನು ನಾನು ಮೇಲಿಟ್ಟರೂ, ರಾಜ್ಯ ತನ್ನ ಬೊಕ್ಕಸದಿಂದ ಕಾಡು ಕಾಯುತ್ತದೆ, ತನ್ನವರಿಗೆ ಒಂದಿಷ್ಟು ರಿಯಾಯಿತಿ ಕೊಟ್ಟರೆ ತಪ್ಪೇನು ಎನ್ನುವವರ ಮಾತು ಸುಳ್ಳಲ್ಲ. ರಿಯಾಯಿತಿ ಮಿತವಾಗಿದ್ದರೆ ಅದನ್ನು ಒಪ್ಪಬಹುದು. ಒಂಬತ್ತು ಡಾಲರಿನ ಮುಂದೆ ಇನ್ನೂರ ಇಪ್ಪತ್ತೈದು ನಿಂತಾಗ ಮಾತ್ರ ಅದಕ್ಕೆ ರಿಯಾಯಿತಿ ಎನ್ನಲಾಗದು.

ಮೂರನೆಯದು, ದುಡ್ಡು ಎಲ್ಲಿಗೆ ಹೋಗುತ್ತದೆ? ಮಾರ್ಖೋರ್ ಉಳಿದದ್ದು ಬೇಟೆಗಾರ ಲಕ್ಷ ಡಾಲರ್ ಕೊಟ್ಟ ಎಂಬುದರಿಂದ ಮಾತ್ರವಲ್ಲ. ಅದರ ಎಂಬತ್ತು ಪಾಲು ಕಣಿವೆಯ ಹಳ್ಳಿಗೆ ಸೇರಿತು ಎಂಬುದರಿಂದ. ನಮ್ಮ ಸಫಾರಿ ಟಿಕೆಟಿನ ಮೇಲೆ ಪ್ರವೇಶ ಶುಲ್ಕ, ವಾಹನ ಶುಲ್ಕ, ಕ್ಯಾಮೆರಾ ಶುಲ್ಕ ಬರೆದಿರುತ್ತದೆ. ಅದರಲ್ಲಿ ಬೆಳೆ ಕಳೆದುಕೊಂಡವನಿಗೆ ಹೋಗುವ ಪಾಲು ಇಷ್ಟು ಎಂದು ಇನ್ನೊಂದು ಸಾಲು ಸೇರಿಸಿದರೆ, ಆ ಸಾಲನ್ನು ಪ್ರತಿವರ್ಷ ಗ್ರಾಮಸಭೆಯಲ್ಲಿ ಓದಿ ಹೇಳಿದರೆ, ಹೆಚ್ಚು ಕೊಟ್ಟ ಹೊರಗಿನವನಿಗೂ ದೂರುವ ಕಾರಣ ಉಳಿಯುವುದಿಲ್ಲ. ಆ ಲೆಕ್ಕ ತೋರಿಸಲು ತಯಾರಿಲ್ಲದ ಇಲಾಖೆಗೆ ಹೊರಗಿನವನಿಂದ ಹೆಚ್ಚು ಕೇಳುವ ಹಕ್ಕೂ ಇಲ್ಲ.